ಬಲ್ಲ ಶಬ್ದ, ಬಳಸುವ ಶಬ್ದ

ಹಾನಗಲ್ಲಿನ ನಮ್ಮ ಸ್ನೇಹಿತರೊಬ್ಬರು ಹೋದ ವರುಷ ಮಗನನ್ನು ಕಾಣಲು ಪುಣೆಗೆ ಹೋಗಿದ್ದಾಗ, ಒಂದು ರಾತ್ರಿ ಅವರಿಗೆ ಎದೆಯ ಬಾಧೆ ಕಾಣಿಸಿತು. ಸಂಗಡ ಆಸ್ಪತ್ರೆಗೆ ಹೋದವಳು ಮಗಳು. ಇಂಗ್ಲಿಷ್ ವೃತ್ತಪತ್ರವನ್ನು ಕೋಶದ ಹಂಗಿಲ್ಲದೆ ಓದುವ ಪದವೀಧರೆ. ವೈದ್ಯರಿಗೆ ಕನ್ನಡ ಬಾರದು. ನೋವು ಎಂಥದೆಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. "ಎದಿ ಉರೀತೈತಿ ಯವ್ವಾ, ಬೆನ್ನಿಗೆ ಹಿಡದಂಗ ಆಗ್ತೈತಿ" ಎಂದು ತಂದೆಯವರು ನರಳಿದರು. ಮಗಳ ಬಾಯಿಯಿಂದ ಹೊರಟದ್ದು "ಪೇನ್" ಎಂಬ ಒಂದೇ ಶಬ್ದ. ಮರಳಿ ಕೇಳಿದರೆ "ವೆರಿ ಮಚ್ ಪೇನ್." ಕಡೆಗೆ ಕನ್ನಡ ಬಲ್ಲ ದಾದಿಯೊಬ್ಬಳು ಬಂದು ಬಿಡಿಸಿ ಹೇಳಿದಳು. ದೇವರ ದಯದಿಂದ ಅವರು ಗುಣಮುಖರಾದರು. ಆದರೆ ಶಾಲೆಯಲ್ಲಿಯೇ ಕಲಿತಿದ್ದ "ಬರ್ನಿಂಗ್" ಎಂಬ ಶಬ್ದವು ಮನೆಗೆ ಮರಳಿದ ಮೇಲೆ ನೆನಪಾಗಿ, ಆ ಹುಡುಗಿ ಅತ್ತಳಂತೆ.

ಇದನ್ನು ಕೇಳಿದಂದಿನಿಂದ ನಮಗೆ ತೋರುವದೇನಂದರೆ, ಪರಭಾಷೆಯಲ್ಲಿ ನಮ್ಮ ಶಬ್ದಸಂಪತ್ತು ಎರಡು ಬಗೆಯದು. ಕಂಡರೆ ಗುರುತು ಹತ್ತುವದು ಒಂದು. ಬೇಕಾದಾಗ ನಾಲಗೆಗೆ ಬರುವದು ಇನ್ನೊಂದು. ಮೊದಲನೆಯದು ಹಗೇವಿನೊಳಗಿನ ಜೋಳ. ಎಷ್ಟಿದ್ದರೇನು, ಬೀಸಿ ಬಡಿಯದೆ ರೊಟ್ಟಿಯಾಗದು. ನಮ್ಮ ಪರೀಕ್ಷೆಗಳು ಬಹುತರವಾಗಿ ಹಗೇವನ್ನೇ ಅಳೆಯುತ್ತವೆ.

ಶಾಲೆಯ ನೆರವಿಲ್ಲದೆ ಎರಡನೆಯ ಬಗೆಯನ್ನು ಗಳಿಸಿದವರನ್ನು ಕಾಣಬೇಕಾದರೆ ಸವಣೂರಿನ ಪೇಟೆಗೆ ಹೋಗಬೇಕು. 1948ರ ವರೆಗೆ ನವಾಬರ ಆಳಿಕೆಯಲ್ಲಿದ್ದ ಆ ಊರಲ್ಲಿ ಕನ್ನಡ, ಉರ್ದು ಎರಡೂ ಕೂಡಿ ಬಾಳುತ್ತವೆ. ವೀಳ್ಯದೆಲೆಯ ವ್ಯಾಪಾರಿಗೆ ಉರ್ದುವಿನ ಕಾವ್ಯ ತಿಳಿಯದಿರಬಹುದು. ಎಳೆಯದು, ಬಲಿತದ್ದು, ಬಾಡಿದ್ದು ಎಂಬ ಭೇದವನ್ನು ಹೇಳಲು ಅವನು ತಡವರಿಸನು. ಯಾಕಂದರೆ ಶಬ್ದ ತಪ್ಪಿದರೆ ಬೆಲೆಯೇ ತಪ್ಪುತ್ತದೆ. ಅದೇ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ, ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು; ಕನ್ನಡದಂತೆ ಇಂಗ್ಲಿಷಿನಲ್ಲಿಯೂ ಕವಿತೆ, ವಿಮರ್ಶೆಗಳನ್ನು ಬರೆದರು. ಇಂಗ್ಲಿಷನ್ನು ಓದಿದವರು ಅನೇಕರು. ತಮ್ಮ ಸ್ವಂತ ಮಾತನ್ನು ಅದರಲ್ಲಿ ಬರೆದವರು ಕೆಲವರೇ.

ಜೋಡಿಶಬ್ದಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಹಾನಗಲ್ಲ ಸೀಮೆಯ ರೈತನು ಬೆಳೆಯುವದು ಭತ್ತ, ಮಾರುವದು ಅಕ್ಕಿ, ಉಣ್ಣುವದು ಅನ್ನ. ಇಂಗ್ಲಿಷಿನಲ್ಲಿ ಮೂರಕ್ಕೂ "ರೈಸ್" ಎಂದರೆ ಸಾಗೀತು. ಆದರೂ ಭತ್ತಕ್ಕೆ "ಪ್ಯಾಡಿ" ಎಂಬ ಶಬ್ದ ಬೇರೆ ಇದೆ. ನೋವಿನಲ್ಲಾದರೋ ಅವರ ಭೇದಗಳು ನಮ್ಮಷ್ಟೇ ಸೂಕ್ಷ್ಮ. ಉರಿದರೆ "ಬರ್ನಿಂಗ್", ಇರಿದಂತಾದರೆ "ಸ್ಟ್ಯಾಬಿಂಗ್", ತಲೆ ಸಿಡಿದರೆ "ಥ್ರಾಬಿಂಗ್", ಮೀನಖಂಡ ಸೆಳೆದರೆ "ಕ್ರ್ಯಾಂಪ್". ವೈದ್ಯನಿಗೆ ಇವೆಲ್ಲ ಒಂದೇ ಅಲ್ಲ.

ಶಿಗ್ಗಾಂವಿಯಾಗಲಿ ಹಿರೇಕೆರೂರಾಗಲಿ, ಇಂಗ್ಲಿಷ್ ಆಡುವ ನೆರೆಯವರು ಸಿಗದ ಮನೆಗಳಲ್ಲಿಯೂ ಒಂದು ಉಪಾಯವಿದೆ. ರಾತ್ರಿ ಊಟವಾದ ಮೇಲೆ ಆ ದಿನದ ಒಂದು ಸಂಗತಿಯನ್ನು ಮಕ್ಕಳು ನಾಲ್ಕು ವಾಕ್ಯಗಳಲ್ಲಿ ಇಂಗ್ಲಿಷಿನಿಂದ ಹೇಳಲಿ. ಶಬ್ದ ಸಿಗದಲ್ಲಿ ನಿಲ್ಲದೆ ಕನ್ನಡ ಶಬ್ದವನ್ನೇ ಇಟ್ಟು ಮುಂದುವರಿಯಲಿ. ಆ ತೆರವೇ ಮರುದಿನದ ಪಾಠ. ಕೋಶದಲ್ಲಿ ಹುಡುಕಿ, ಅರ್ಥವನ್ನಷ್ಟೇ ಅಲ್ಲ, ತಮ್ಮ ಮನೆಯದೇ ಒಂದು ವಾಕ್ಯವನ್ನು ವಹಿಯಲ್ಲಿ ಬರೆದು, ಮೂರು ದಿನ ಬೇರೆ ಬೇರೆ ಮಾತಿನಲ್ಲಿ ಬಳಸಲಿ. ಕಿಟ್ಟೆಲರ 1894ರ ಕೋಶವು ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೆ ದೊಡ್ಡ ನಿಧಿಯೇ ಸರಿ. ಆದರೆ ಅದರ ಇಂಗ್ಲಿಷು ಅಂದಿನದು. ಇಂದಿನ ಕೋಶವೊಂದರಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳದೆ ಆಡಬಾರದು. ದಿನಕ್ಕೆ ಎರಡು ಶಬ್ದ ಸಾಕು.

ಹಾನಗಲ್ಲಿನ ಆ ಮನೆಯಲ್ಲಿ ಈಗ ರಾತ್ರಿ ತಾಯಿಯೇ ರೋಗಿ, ತಂದೆಯೇ ವೈದ್ಯ. ಮೊನ್ನೆ ನಾವು ಹೋದಾಗ ತಾಯಿಯವರು "ಕಾಲು ಜುಮುಜುಮು ಅಂತಾವ" ಎಂದರು. ಮಗಳು ಒಂದು ಕ್ಷಣ ಕಣ್ಣು ಮುಚ್ಚಿ, "ಟಿಂಗ್ಲಿಂಗ್" ಎಂದಳು. ತಂದೆಯವರು ಪುಣೆಯ ವೈದ್ಯರ ಗಾಂಭೀರ್ಯವನ್ನೇ ತಂದುಕೊಂಡು, ಎಡಗಾಲೋ ಬಲಗಾಲೋ ಎಂದು ಕೇಳಿದರು.