ಅಮೃತಮತಿಗೆ ಭವಾವಳಿ ಏಕಿಲ್ಲ?

ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಹಳಗನ್ನಡ ಕಾವ್ಯವನ್ನು ಪಾಠ ಮಾಡುತ್ತಿರುವ ನನಗೆ ಕಳೆದ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಂದಲೇ ಒಂದು ಪಾಠವಾಯಿತು. ನಾನು ತರಗತಿಗೆ ಹೋದಾಗ ನಾಲ್ಕೈದು ಮಂದಿ ಹ್ಯಾರಿ ಪಾಟರ್ ಕಾದಂಬರಿ ಮಾಲೆಯ ಸ್ನೇಪ್ ಎಂಬ ಅಧ್ಯಾಪಕನನ್ನು ಕುರಿತು ಬಿರುಸಾಗಿ ವಾದಿಸುತ್ತಿದ್ದರು. ಅವನು ಹ್ಯಾರಿಯನ್ನು ಕಾಪಾಡಿದ್ದು ಹ್ಯಾರಿಯ ತಾಯಿ ಲಿಲಿಯ ಮೇಲಿನ ಪ್ರೀತಿಯಿಂದಲೋ, ಅವಳ ಸಾವಿಗೆ ತಾನೂ ಕಾರಣನಾದೆನೆಂಬ ಪಶ್ಚಾತ್ತಾಪದಿಂದಲೋ? ಪ್ರೀತಿಯೇ ಆಗಿದ್ದರೆ ಅವಳ ಮಗನನ್ನು ವರ್ಷಗಟ್ಟಲೆ ಹೀನಾಯವಾಗಿ ಕಂಡದ್ದೇಕೆ? ಒಬ್ಬಳು ಮೊದಲ ಸಂಪುಟದ ಸನ್ನಿವೇಶವೊಂದನ್ನು ಎತ್ತಿದರೆ ಮತ್ತೊಬ್ಬ ಕೊನೆಯ ಸಂಪುಟದಿಂದ ಉತ್ತರ ತಂದನು. ನಾನು ಹಾಜರಿ ಪುಸ್ತಕವನ್ನು ತೆರೆಯದೆ ಹತ್ತು ನಿಮಿಷ ಕೇಳುತ್ತ ಕುಳಿತೆ.

ಅದೇ ವಾರ ಅದೇ ವಿದ್ಯಾರ್ಥಿಗಳ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಿದೆ. ಜನ್ನನ ಯಶೋಧರ ಚರಿತೆಯ ಅಮೃತಮತಿಯ ಪತನಕ್ಕೆ ಕಾರಣವೇನು ಎಂಬುದು ಪ್ರಶ್ನೆ. ಬಹುಪಾಲು ಉತ್ತರಗಳು ಒಂದೇ ವಾಕ್ಯದಲ್ಲಿ ಮುಗಿದಿದ್ದವು: ಕರ್ಮಫಲ, ಅಥವಾ ಚಂಚಲಚಿತ್ತ. ಸ್ನೇಪನಿಗೆ ಏಳು ಸಂಪುಟಗಳನ್ನು ಜಾಲಾಡಿದವರು ಅಮೃತಮತಿಗೆ ಒಂದು ಸಾಲನ್ನು ಕೊಟ್ಟು ಎದ್ದುಹೋಗಿದ್ದರು. ಈ ದೋಷ ಅವರದೆಂದು ನಾನು ಭಾವಿಸುವುದಿಲ್ಲ. ಕಾವ್ಯವನ್ನು ಕಥಾಸಾರವಾಗಿಯೂ ಪಾತ್ರವನ್ನು ಗುಣವಿಶೇಷಣಗಳ ಪಟ್ಟಿಯಾಗಿಯೂ ಕಲಿಸಿದವರು ನಾವು.

ಮನೋರಂಜನೆಗೆಂದು ಓದುವ ಅದ್ಭುತಕಥೆಯ ಚರ್ಚೆಯನ್ನು ಪಂಡಿತರು ಹಗುರವಾಗಿ ಕಾಣುವುದುಂಟು. ಆದರೆ ಅದರ ಕ್ರಮವನ್ನು ಗಮನಿಸಬೇಕು. ಆ ಮಾಲೆಯ ಆರನೆಯ ಸಂಪುಟ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ನೇಪ್ ತನ್ನನ್ನು ನಂಬಿದ್ದ ಗುರುವನ್ನೇ ಕೊಲ್ಲುತ್ತಾನೆ. ಏಳನೆಯ ಸಂಪುಟ ಬಂದದ್ದು 2007ರಲ್ಲಿ. ನಡುವಿನ ಎರಡು ವರ್ಷ ಓದುಗರು ಅವನು ದ್ರೋಹಿಯೋ ಅಲ್ಲವೋ ಎಂದು ಹಿಂದಿನ ಸಂಪುಟಗಳ ಮಾತು ಮಾತನ್ನೂ ಶೋಧಿಸಿದರು. ಕೃತಿಯೊಳಗಿನ ಆಧಾರವಿಲ್ಲದೆ ಅಲ್ಲಿ ವಾದ ನಿಲ್ಲುತ್ತಿರಲಿಲ್ಲ. ನಾವು ವಿಮರ್ಶೆ ಎಂದು ಕರೆಯುವುದರ ಮೊದಲ ಶಿಸ್ತೂ ಇದೇ.

ಸಂಪುಟದಿಂದ ಸಂಪುಟಕ್ಕೆ ಉದ್ದೇಶವನ್ನು ಹುಡುಕುವ ಈ ಓದು ಜೈನಪುರಾಣಗಳಿಗೆ ಹೊರಗಿನದೇನಲ್ಲ. ಭವಾವಳಿ ಎಂಬ ಕಥನಕ್ರಮವು ಒಂದು ಜೀವದ ನಡತೆಗೆ ಹಿಂದಿನ ಭವದಲ್ಲಿ ಕಾರಣವನ್ನು ತೋರಿಸುತ್ತದೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಮುಂದೆ ಆದಿತೀರ್ಥಂಕರನಾಗುವ ಜೀವವು ಜಯವರ್ಮನೆಂಬ ರಾಜಪುತ್ರನಾಗಿ ಕಾಣಿಸಿಕೊಳ್ಳುತ್ತದೆ. ತಂದೆಯು ರಾಜ್ಯವನ್ನು ಕಿರಿಯ ಮಗನಿಗೆ ಕೊಟ್ಟನೆಂದು ನೊಂದ ಜಯವರ್ಮ ತಪಸ್ಸಿಗೆ ತೊಡಗುತ್ತಾನೆ. ಆಕಾಶದಲ್ಲಿ ಸಾಗುತ್ತಿದ್ದ ವಿದ್ಯಾಧರನೊಬ್ಬನ ವೈಭವವನ್ನು ಕಂಡು, ತನಗೂ ಅಂತಹ ಭೋಗ ದೊರೆಯಲಿ ಎಂದು ಬಯಸುತ್ತಾನೆ. ಮರುಭವದಲ್ಲಿ ವಿದ್ಯಾಧರರಾಜ ಮಹಾಬಲನಾಗಿ ಹುಟ್ಟುತ್ತಾನೆ. ತಪಸ್ಸಿನ ಫಲವನ್ನು ಭೋಗಕ್ಕೆ ಒತ್ತೆಯಿಡುವ ಇಂತಹ ಬಯಕೆಗೆ ಜೈನಶಾಸ್ತ್ರದಲ್ಲಿ ನಿದಾನ ಎಂದು ಹೆಸರು. ಆಡುಮಾತಿನಲ್ಲಿ ಈ ಶಬ್ದಕ್ಕೆ ಸಾವಕಾಶ ಎಂಬ ಅರ್ಥವಿದೆ, ವೈದ್ಯದಲ್ಲಿ ರೋಗದ ಕಾರಣ ಎಂಬ ಅರ್ಥ. ಶಾಸ್ತ್ರವು ಮಾಯೆ ಮತ್ತು ಮಿಥ್ಯಾತ್ವಗಳೊಡನೆ ನಿದಾನವನ್ನೂ ಶಲ್ಯವೆಂದು, ಎಂದರೆ ಒಳಗೆ ನಾಟಿದ ಮುಳ್ಳೆಂದು, ಎಣಿಸುತ್ತದೆ.

ಈ ಪರಿಕಲ್ಪನೆ ಪಾತ್ರವಿಮರ್ಶೆಗೆ ಬಹಳ ಉಪಯುಕ್ತವೆಂಬುದು ನನ್ನ ಅಭಿಮತ. ಜಯವರ್ಮನ ವಿಷಯದಲ್ಲಿ ಸುಮ್ಮನೆ ಕರ್ಮ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಅವಮಾನದಿಂದ ಹುಟ್ಟಿದ ವೈರಾಗ್ಯ, ಆ ವೈರಾಗ್ಯದೊಳಗೇ ಉಳಿದ ಆಸೆ, ಅನ್ಯರ ಸಿರಿಯನ್ನು ಕಂಡು ಆ ಆಸೆ ತಲೆಯೆತ್ತಿದ ಗಳಿಗೆ: ಇವನ್ನೆಲ್ಲ ಬಿಡಿಸಿದಾಗ ಮಾತ್ರ ಕರ್ಮ ಎಂಬ ಮಾತಿಗೆ ಕಾವ್ಯದಲ್ಲಿ ತೂಕ ಬರುತ್ತದೆ. ಕಾರಣ ತಿಳಿದ ಮಾತ್ರಕ್ಕೆ ಜಯವರ್ಮನಿಗೆ ವಿನಾಯಿತಿಯೂ ಸಿಗುವುದಿಲ್ಲ; ಬಯಸಿದ್ದನ್ನು ಅವನು ಉಂಡೇ ತೀರಿಸಬೇಕು. ಸ್ನೇಪನ ಪ್ರೀತಿ ಬಯಲಾದೊಡನೆ ಅವನ ಕ್ರೌರ್ಯವನ್ನೆಲ್ಲ ಮನ್ನಿಸಿದ ಓದುಗರು ಇದನ್ನು ಆಲೋಚಿಸಬಹುದು.

ಈಗ ಅಮೃತಮತಿಯತ್ತ ಮರಳೋಣ. 1209ರ ಯಶೋಧರ ಚರಿತೆಯಲ್ಲಿ ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಸಂಕಲ್ಪಹಿಂಸೆಯ ಫಲವಾಗಿ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೊನೆಗೆ ಅಭಯರುಚಿ ಮತ್ತು ಅಭಯಮತಿಯರಾಗಿ ತಮ್ಮ ಕಥೆಯನ್ನು ಮಾರಿದತ್ತನಿಗೆ ತಿಳಿಸುತ್ತಾರೆ. ಅಮೃತಮತಿಗೆ ಅಂತಹ ಭವಾವಳಿ ಇಲ್ಲ. ಅವಳಿಗೆ ಇರುವುದು ಒಂದು ರಾತ್ರಿಯ ಹಾಡು ಮಾತ್ರ. ಮಾವುತನ ಗಾನವನ್ನು ಕೇಳಿ ಮನಸೋಲುತ್ತಾಳೆ. ನೋಡಿ ಬಂದ ದೂತಿ ಅವನ ಕುರೂಪವನ್ನು ಹೇಸಿಗೆಯಿಂದ ಬಣ್ಣಿಸಿದರೂ ಹಿಂಜರಿಯುವುದಿಲ್ಲ. ಮುಂದೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಅವಳಿಗೆ ನರಕ ಪ್ರಾಪ್ತಿಯಾಗುತ್ತದೆ. ಕಥೆಯನ್ನು ಹೇಳುತ್ತಿರುವುದು ಯಶೋಧರನ ಜೀವವೇ ಆದ್ದರಿಂದ ನಾವು ಅವಳನ್ನು ಕಾಣುವುದು ವಂಚಿತನಾದ ಗಂಡನ ನೆನಪಿನ ಮೂಲಕ. ಅವಳ ನಿದಾನವನ್ನು ಹೇಳುವವರು ಆ ಸಭೆಯಲ್ಲಿ ಯಾರೂ ಇಲ್ಲ.

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿಗೆ ಮಾತು ಕೊಟ್ಟದ್ದು ಈ ಮೌನದ ಎಡೆಯಲ್ಲಿಯೇ. ಜನ್ನನನ್ನು ಓದುವಾಗ ಮಾತ್ರ ನಾವು ಇನ್ನೊಂದು ಎಚ್ಚರವನ್ನು ಪಾಲಿಸಬೇಕು. ಅಮೃತಮತಿಗೆ ನಮಗೆ ಇಷ್ಟವಾದ ಉದ್ದೇಶವನ್ನು ಹೊರಿಸಿ ಅವಳನ್ನು ಬಂಡಾಯಗಾರ್ತಿಯನ್ನಾಗಿ ಮಾಡುವುದು, ಒಂದೇ ಸಾಲಿನಲ್ಲಿ ಅವಳನ್ನು ಪಾಪಿಯೆಂದು ಮುಗಿಸುವಷ್ಟೇ ಸುಲಭ. ಕವಿ ಅಷ್ಟು ಮೋಹಕವಾದ ಹಾಡನ್ನೂ ಅಷ್ಟು ಅಸಹ್ಯವಾದ ರೂಪವನ್ನೂ ಎದುರುಬದುರು ಇಟ್ಟದ್ದೇಕೆ, ಕತ್ತಿಯೆತ್ತಿದ ಯಶೋಧರ ಕೈತಡೆದು ಸತ್ಯವನ್ನು ತಾಯಿಗೆ ಕನಸಿನ ನೆಪದಲ್ಲಿ ಮರೆಮಾಡಿ ಹೇಳಿದ್ದೇಕೆ ಎಂದು ಪದ್ಯಗಳ ಆಧಾರದಿಂದಲೇ ಕೇಳಬೇಕು. ಹಾಗೆ ಕೇಳಿದರೆ ಪತನ ಒಬ್ಬಳದೇ ಅಲ್ಲವೆಂಬುದು ಕಾವ್ಯದಿಂದಲೇ ತಿಳಿಯುತ್ತದೆ.

ಮುಂದಿನ ಸೆಮಿಸ್ಟರಿಗೆ ನನ್ನ ಪ್ರಶ್ನೆಯನ್ನು ಬದಲಿಸಿದ್ದೇನೆ. ಅಮೃತಮತಿಯ ಪತನಕ್ಕೆ ಕಾರಣವೇನು ಎಂದು ಇನ್ನು ಕೇಳುವುದಿಲ್ಲ. ಯಶೋಧರನಿಗೆ ಇಷ್ಟೊಂದು ಭವಗಳನ್ನು ಕೊಟ್ಟ ಕಾವ್ಯ ಅಮೃತಮತಿಗೆ ಒಂದನ್ನೂ ಕೊಡದಿರುವುದು ಏಕೆ, ಪದ್ಯಗಳ ಆಧಾರದಿಂದ ಚರ್ಚಿಸಿ ಎಂದು ಕೇಳುತ್ತೇನೆ. ಸ್ನೇಪನಿಗಾಗಿ ಅಷ್ಟು ಹೊತ್ತು ವಾದಿಸಿದವರು ಇದಕ್ಕೆ ಒಂದೇ ಸಾಲಿನ ಉತ್ತರ ಬರೆಯಲಾರರೆಂದು ನಂಬಿದ್ದೇನೆ.