ಕುದುರೆಗೆ ವಿಮೆ ಮಾಡಿಸ್ತೀರಾ? ಕಂಪನಿಯ ಹೆಸರಿಗಿಂತ ಮೊದಲು ಷರತ್ತು ಓದಿ

2025ರ ಮೇ 2ರಂದು ಕೇದಾರನಾಥ ದೇಗುಲದ ಬಾಗಿಲು ತೆರೆಯಿತು. ಯಾತ್ರೆ ಶುರುವಾದ ಮೊದಲ ವಾರದಲ್ಲೇ, ಎರಡು ದಿನಗಳ ಅಂತರದಲ್ಲಿ 14 ಕುದುರೆ ಮತ್ತು ಹೇಸರಗತ್ತೆಗಳು ಸತ್ತವು. ಅದಕ್ಕೂ ಒಂದು ತಿಂಗಳ ಹಿಂದೆ ರುದ್ರಪ್ರಯಾಗ ಜಿಲ್ಲೆಯಲ್ಲಿ ಈಕ್ವೈನ್ ಇನ್‌ಫ್ಲುಯೆಂಜಾ ಎಂಬ ಕುದುರೆ ಫ್ಲೂ ಕಾಣಿಸಿಕೊಂಡಿತ್ತು. ಹಾಗಾಗಿ ಉತ್ತರಾಖಂಡ ಸರ್ಕಾರ 24 ಗಂಟೆ ಕಾಲ ಆ ದಾರಿಯಲ್ಲಿ ಕುದುರೆ ಸಂಚಾರವನ್ನೇ ನಿಲ್ಲಿಸಿತು. ಕೇಂದ್ರದಿಂದ ತಜ್ಞರ ತಂಡವೂ ಬಂತು.

ಸುದ್ದಿಯಲ್ಲಿ ಹೆಚ್ಚು ಜಾಗ ಸಿಕ್ಕಿದ್ದು ಯಾತ್ರಿಕರಿಗಾದ ತೊಂದರೆಗೆ. ಪ್ರಾಣಿ ಕಳೆದುಕೊಂಡವರ ಕೈಗೆ ಎಷ್ಟು ಬಂತು ಎಂಬ ಪ್ರಶ್ನೆ ಹಿಂದೆಯೇ ಉಳಿಯಿತು. ಕೇದಾರನಾಥ ದಾರಿಯಲ್ಲಿ ಕುದುರೆ ಓಡಿಸಬೇಕಾದರೆ ನೋಂದಣಿ, ಆರೋಗ್ಯ ತಪಾಸಣೆ ಜತೆಗೆ ವಿಮೆಯೂ ಬೇಕು. ಅಂದರೆ ಕಾಗದದ ಮೇಲೆ ಅಲ್ಲಿನ ಪ್ರಾಣಿಗಳಿಗೆ ರಕ್ಷಣೆ ಇದೆ. ಆದರೆ ಆ ಕಾಗದ ಹೇಳುವುದೇನು, ಹೇಳದೇ ಬಿಡುವುದೇನು?

ಈ ಪ್ರಶ್ನೆ ಹಿಮಾಲಯದ ಕುದುರೆಯವರಿಗೆ ಮಾತ್ರ ಸೇರಿದ್ದಲ್ಲ. ಮಾಥೇರಾನ್, ಮಹಾಬಲೇಶ್ವರದಲ್ಲಿ ಪ್ರವಾಸಿಗರನ್ನು ಹೊರುವ ಕುದುರೆಗಳಿವೆ, ಮೈಸೂರಿನಲ್ಲಿ ಟಾಂಗಾಗಳಿವೆ, ಮದುವೆ ಮೆರವಣಿಗೆಯ ಬಿಳಿ ಕುದುರೆಗಳಿವೆ. ಮಕ್ಕಳಿಗೆ ಸವಾರಿ ಕಲಿಸಲೆಂದು ಸ್ವಂತ ಕುದುರೆ ಕೊಂಡವರೂ ಇದ್ದಾರೆ.

ಇದು ಆರೋಗ್ಯ ವಿಮೆ ಅಲ್ಲ

ಮೊದಲೇ ತಿಳಿದಿರಬೇಕಾದ ಮಾತು: ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕುದುರೆ ವಿಮೆ, ಪ್ರಾಣಿ ಸತ್ತರೆ ಹಣ ಕೊಡುವ ವಿಮೆ. ಅಪಘಾತ, ಕಾಯಿಲೆ, ಪ್ರವಾಹ, ಬೆಂಕಿಯಂಥ ಕಾರಣಗಳಿಂದ ಸಾವು ಸಂಭವಿಸಿದರೆ ಪರಿಹಾರ. ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ ಎಂಬ ರಕ್ಷಣೆ ಬೇಕಿದ್ದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು, ಅದರಲ್ಲೂ ಪೂರ್ತಿ ಮೊತ್ತ ಸಿಗುವುದಿಲ್ಲ.

ಚಿಕಿತ್ಸೆಯ ಖರ್ಚು ಇದರಲ್ಲಿ ಬರುವುದಿಲ್ಲ. ಕುದುರೆ ಸಾಕಿದವರಿಗೆ ಗೊತ್ತು, ಅದರ ದೊಡ್ಡ ಶತ್ರು ಹೊಟ್ಟೆಶೂಲೆ. ರಾತ್ರಿ ಹೊಟ್ಟೆನೋವು ಶುರುವಾಗಿ ಬೆಳಗಾಗುವುದರೊಳಗೆ ಪ್ರಾಣ ಹೋಗಬಹುದು. ಪಶುವೈದ್ಯರನ್ನು ಕರೆಸಿ, ಔಷಧಿಗೆ ಸುರಿದು, ಕುದುರೆಯನ್ನು ಉಳಿಸಿಕೊಂಡರೆ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬ್ರಿಟನ್‌ನಲ್ಲಿ ವೈದ್ಯಕೀಯ ವೆಚ್ಚ, ಸಾವು, ಮೂರನೇ ವ್ಯಕ್ತಿಗೆ ಆಗುವ ಗಾಯ ಎಲ್ಲವನ್ನೂ ಬೇಕಾದಂತೆ ಜೋಡಿಸಿಕೊಳ್ಳುವ ಪಾಲಿಸಿಗಳಿವೆ. ಅಂತರ್ಜಾಲದಲ್ಲಿ 'ಕುದುರೆ ವಿಮೆ' ಎಂದು ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಅಲ್ಲಿಯವು. ಅದನ್ನು ಓದಿ ಇಲ್ಲಿ ಪಾಲಿಸಿ ಕೊಂಡರೆ ನಿರಾಸೆಯಾಗುತ್ತದೆ.

ಯಾರು ಮಾರುತ್ತಾರೆ?

ಜಾನುವಾರು ವಿಮೆಯಲ್ಲಿ ಹಳಬರು ಎಂದರೆ ಸಾರ್ವಜನಿಕ ವಲಯದ ನಾಲ್ಕು ಕಂಪನಿಗಳು: ಮುಂಬೈನ ನ್ಯೂ ಇಂಡಿಯಾ ಅಶ್ಯೂರೆನ್ಸ್, ಚೆನ್ನೈನ ಯುನೈಟೆಡ್ ಇಂಡಿಯಾ, ದೆಹಲಿಯ ಓರಿಯೆಂಟಲ್, ಕೋಲ್ಕತ್ತಾದ ನ್ಯಾಷನಲ್. ಖಾಸಗಿ ಕಂಪನಿಗಳೂ ಜಾನುವಾರು ವಿಮೆ ಕೊಡುತ್ತವೆ, ಆದರೆ ಅವುಗಳ ಗಮನ ಹೆಚ್ಚಾಗಿ ಹಸು, ಎಮ್ಮೆಗಳ ಮೇಲೆ.

ಕಾರಣ ಊಹಿಸುವುದು ಕಷ್ಟವಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 6.3 ಲಕ್ಷ. 2019ರ ಗಣತಿಯಲ್ಲಿ ಅದು 3.4 ಲಕ್ಷಕ್ಕೆ ಇಳಿಯಿತು. ಹೇಸರಗತ್ತೆಗಳೂ ಅರ್ಧಕ್ಕಿಂತ ಕಡಿಮೆಯಾದವು. ಮುಂಬೈನ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸುವಂತೆ ಬಾಂಬೆ ಹೈಕೋರ್ಟ್ 2015ರಲ್ಲೇ ಹೇಳಿತ್ತು. ದಿನೇ ದಿನೇ ಕುಗ್ಗುತ್ತಿರುವ ಮಾರುಕಟ್ಟೆಗೆ ಯಾವ ಕಂಪನಿ ಹೊಸ ಯೋಜನೆ ತರುತ್ತದೆ? ವಿಮೆಯಲ್ಲಿ ಶೇ 100 ವಿದೇಶಿ ಹೂಡಿಕೆಗೆ ಅವಕಾಶ ಕೊಡುವ ಘೋಷಣೆ 2025ರ ಬಜೆಟ್‌ನಲ್ಲಿ ಬಂತು. ಹೊಸ ಕಂಪನಿಗಳು ಬಂದರೂ ಅವು ಮೊದಲು ನೋಡುವುದು ಕಾರು ಮತ್ತು ಆಸ್ಪತ್ರೆ ಬಿಲ್‌ಗಳತ್ತ ಎಂಬುದು ನನ್ನ ಅಂದಾಜು.

ರೇಸ್ ಕುದುರೆಗಳ ಲೋಕ ಬೇರೆ. ಅಲ್ಲಿ ಒಂದೊಂದು ಪ್ರಾಣಿಯ ಬೆಲೆ ಲಕ್ಷಗಳಲ್ಲಿ, ವಂಶಾವಳಿಯ ದಾಖಲೆ ಇರುತ್ತದೆ, ಮೈಯೊಳಗೆ ಮೈಕ್ರೋಚಿಪ್ ಇರುತ್ತದೆ, ಮಾಲೀಕರ ಪರವಾಗಿ ಚೌಕಾಸಿ ಮಾಡಲು ಬ್ರೋಕರ್ ಇರುತ್ತಾರೆ. ಈ ಲೇಖನ ಅವರಿಗಲ್ಲ.

ಸಬ್ಸಿಡಿ ಇದ್ದರೆ ಆಯ್ಕೆ ನಿಮ್ಮದಲ್ಲ

ದುಡಿಯುವ ಕುದುರೆಗೆ ಇನ್ನೊಂದು ದಾರಿ ಇದೆ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ ಹಸು, ಎಮ್ಮೆ ಜತೆಗೆ ಹೊರೆ ಹೊರುವ ಕುದುರೆ, ಹೇಸರಗತ್ತೆ, ಕತ್ತೆ, ಒಂಟೆಗಳೂ ಸೇರುತ್ತವೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಇದರ ನಿಯಮ ಸಡಿಲಿಸಿತು. ಮೊದಲು ಮಾಲೀಕ ಪ್ರೀಮಿಯಂನ ಶೇ 20ರಿಂದ 50ರವರೆಗೆ ಕಟ್ಟಬೇಕಿತ್ತು, ಈಗ ಶೇ 15 ಸಾಕು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಉದಾಹರಣೆಗೆ ವರ್ಷದ ಪ್ರೀಮಿಯಂ 3,000 ರೂ. ಆದರೆ ಕೈಯಿಂದ ಹೋಗುವುದು 450 ರೂ.

ಇಲ್ಲಿ ಕಂಪನಿಯನ್ನು ಟೆಂಡರ್ ಕರೆದು ಆರಿಸುವುದು ರಾಜ್ಯ. ನಿಮಗೆ ಉಳಿಯುವ ಕೆಲಸ, ಈ ವರ್ಷ ನಿಮ್ಮ ಜಿಲ್ಲೆಗೆ ಯಾವ ಕಂಪನಿ ಬಂದಿದೆ, ಸತ್ತ ಸುದ್ದಿಯನ್ನು ಯಾವ ಸಂಖ್ಯೆಗೆ ಹೇಳಬೇಕು ಎಂದು ಪಶುಪಾಲನಾ ಇಲಾಖೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು. ಟೆಂಡರ್ ಬದಲಾದಾಗ ಕಂಪನಿಯೂ ಬದಲಾಗಬಹುದು, ಹಳೇ ಸಂಖ್ಯೆಗೆ ಫೋನ್ ಮಾಡುತ್ತಾ ಕೂತರೆ ಸಮಯ ಹೋಗುತ್ತದೆ.

ಹಣ ನಿಲ್ಲುವುದು ಎಲ್ಲಿ?

ಸ್ವಂತವಾಗಿ ಪಾಲಿಸಿ ಕೊಳ್ಳುವವರು ನಿಜವಾಗಿ ಹೋಲಿಸಬೇಕಾದ್ದು ಪ್ರೀಮಿಯಂ ದರವನ್ನಲ್ಲ, 'ಇವುಗಳಿಗೆ ಪರಿಹಾರವಿಲ್ಲ' ಎಂಬ ಪಟ್ಟಿಯನ್ನು. ಜಾನುವಾರು ಪಾಲಿಸಿಯ ಒಕ್ಕಣೆ ಪತ್ರಿಕೋದ್ಯಮ ಓದಿದ ನನಗೇ ಎರಡೆರಡು ಸಲ ಓದಿದ ಮೇಲೆ ಅರ್ಥವಾಯಿತು. ಕುದುರೆ ಹಿಂದೆ ದಿನವಿಡೀ ನಡೆಯುವವರಿಗೆ ಅದನ್ನು ಯಾರು ಓದಿ ಹೇಳುತ್ತಾರೋ!

ಮೊದಲನೆಯದು ಬಳಕೆ. ಪ್ರಸ್ತಾವನೆ ಪತ್ರದಲ್ಲಿ ಕುದುರೆ ಯಾವ ಕೆಲಸಕ್ಕೆ ಎಂದು ಬರೆಯಬೇಕು. ಬರೆದ ಕೆಲಸ ಬಿಟ್ಟು ಬೇರೆಯದಕ್ಕೆ ಕಂಪನಿಯ ಒಪ್ಪಿಗೆಯಿಲ್ಲದೆ ಬಳಸಿದಾಗ ಸತ್ತರೆ ಕ್ಲೇಮ್ ಬಿದ್ದುಹೋಗಬಹುದು. ನಮ್ಮ ಕುದುರೆಗಳು ಒಂದೇ ಕೆಲಸ ಮಾಡುತ್ತವೆಯೇ? ಬೇಸಿಗೆಯಲ್ಲಿ ಗಿರಿಧಾಮ, ಮದುವೆ ಕಾಲದಲ್ಲಿ ಮೆರವಣಿಗೆ. ಬೆಳಗಾವಿ, ಸಾಂಗ್ಲಿ ಕಡೆಯಾದರೆ ಜಾತ್ರೆಯಲ್ಲಿ ಗಾಡಿ ಶರ್ಯತ್ತು. 'ಪ್ರವಾಸಿಗರ ಸವಾರಿ' ಎಂದಷ್ಟೇ ಬರೆದ ಕುದುರೆ ಶರ್ಯತ್ತಿನಲ್ಲಿ ಬಿದ್ದು ಸತ್ತರೆ ಕಂಪನಿಯ ಉತ್ತರ ಏನಿರುತ್ತದೆ ಎಂದು ಹೇಳಬೇಕಿಲ್ಲ. ಎಲ್ಲ ಕೆಲಸವನ್ನೂ ಬರೆಸಿ. ಪ್ರೀಮಿಯಂ ತುಸು ಏರಿದರೂ ಚಿಂತೆಯಿಲ್ಲ.

ಎರಡನೆಯದು ನಿರ್ಲಕ್ಷ್ಯ ಮತ್ತು ಅತಿಭಾರ. ಈ ಎರಡು ಪದಗಳಿಗೆ ಕಂಪನಿ ಕೊಡುವ ಅರ್ಥ ಬಹಳ ವಿಶಾಲ. ಕೇದಾರನಾಥದ ಏರುದಾರಿ ಸುಮಾರು 16 ಕಿ.ಮೀ. ಒಂದೇ ದಿನ ಎರಡು ಸುತ್ತು ಹೊಡೆಸಿದ್ದರೆ, ಕಾಯಿಲೆ ಬಿದ್ದ ಪ್ರಾಣಿಯನ್ನು ವಿಶ್ರಾಂತಿ ಕೊಡದೆ ಹತ್ತಿಸಿದ್ದರೆ, ಸಾವಿಗೆ ಕಾರಣ ಹೊಟ್ಟೆಶೂಲೆ ಎಂದು ಮರಣೋತ್ತರ ವರದಿ ಹೇಳಿದರೂ ಕಂಪನಿ ಅತಿ ದುಡಿಮೆಯತ್ತ ಬೆರಳು ತೋರಿಸಬಹುದು. ಇದರಲ್ಲಿ ಕಂಪನಿಯನ್ನಷ್ಟೇ ದೂರಲಾರೆ. ಪ್ರಾಣಿ ಪ್ರಿಯರು ವರ್ಷಗಳಿಂದ ಹೇಳುತ್ತಿರುವುದೂ ಅದನ್ನೇ. ಆದರೆ ಕುದುರೆ ಒಬ್ಬರದ್ದು, ಓಡಿಸುವ ಹುಡುಗ ಇನ್ನೊಬ್ಬ, ಸುತ್ತಿನ ಲೆಕ್ಕದ ಕೂಲಿ ಅವನದ್ದು ಎಂಬ ವ್ಯವಸ್ಥೆಯಲ್ಲಿ, ತಪ್ಪು ಯಾರದಾದರೂ ಪಾಲಿಸಿ ಹೋಗುವುದು ಮಾಲೀಕನದು.

ಮೂರನೆಯದು ಕಾಣೆಯಾದ ಪ್ರಾಣಿ. ಕಳವು, ಕದ್ದು ಮಾರಾಟ, ನಾಪತ್ತೆ ಇವಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. 2013ರ ಜೂನ್ ಪ್ರವಾಹದಂಥ ಸಂದರ್ಭದಲ್ಲಿ ಇದು ಎಷ್ಟು ಕ್ರೂರ ಷರತ್ತು ಎಂಬುದು ಗೊತ್ತಾಗುತ್ತದೆ. ಹೆಣವಿಲ್ಲದೆ ಮರಣೋತ್ತರ ಪರೀಕ್ಷೆಯಿಲ್ಲ, ಅದಿಲ್ಲದೆ ಕ್ಲೇಮ್ ದಾಖಲೆ ಪೂರ್ತಿಯಾಗುವುದಿಲ್ಲ. ಪ್ರವಾಹ, ಭೂಕುಸಿತದಲ್ಲಿ ಮೃತದೇಹ ಸಿಗದಿದ್ದರೆ ಯಾರ ಪ್ರಮಾಣಪತ್ರ ಒಪ್ಪುತ್ತೀರಿ ಎಂದು ಪಾಲಿಸಿ ಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ. ಉತ್ತರ ಕೊಡುವ ಕಚೇರಿ ಯಾವುದೋ, ಅದೇ ಒಳ್ಳೆಯ ಕಚೇರಿ.

ಗುರುತು ಹಿಡಿಯುವ ವಿಚಾರದಲ್ಲೂ ಜಗಳ ಆಗುತ್ತದೆ. ಹಸುವಿಗೆ ಕಿವಿಯೋಲೆ, ಅದಿಲ್ಲದಿದ್ದರೆ ಹಣವೂ ಇಲ್ಲ ಎಂಬ ನಿಯಮ ಹಳ್ಳಿಯವರಿಗೆಲ್ಲ ಗೊತ್ತು. ಕುದುರೆಗೆ ಮೈಬಣ್ಣ, ಹಣೆಯ ನಕ್ಷತ್ರ, ಕಾಲಿನ ಬಿಳಿ, ಸುಳಿ ಇವುಗಳ ವಿವರವನ್ನೂ ಬರೆಸಬಹುದು. ಫೋಟೊ ತೆಗೆಸುವಾಗ ಎರಡೂ ಪಕ್ಕ, ಮುಖ, ನಾಲ್ಕೂ ಕಾಲು ಕಾಣುವಂತಿರಲಿ. ಸಾಧ್ಯವಿದ್ದರೆ ಮೈಕ್ರೋಚಿಪ್ ಹಾಕಿಸಿ, ಅದರ ಸಂಖ್ಯೆ ಪಾಲಿಸಿಯಲ್ಲೇ ಅಚ್ಚಾಗಿದೆಯೇ ನೋಡಿ. ಒಂದೇ ಬಣ್ಣದ ಐದು ಹೇಸರಗತ್ತೆ ಇರುವವರಿಗೆ ಇದು ಇನ್ನೂ ಮುಖ್ಯ.

ಗ್ಲ್ಯಾಂಡರ್ಸ್ ಬಂದರೆ?

ಕುದುರೆಯಿಂದ ಮನುಷ್ಯರಿಗೂ ಹರಡುವ ಈ ಬ್ಯಾಕ್ಟೀರಿಯಾ ರೋಗಕ್ಕೆ ಲಸಿಕೆ ಇಲ್ಲ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಪರೀಕ್ಷೆಯಲ್ಲಿ ದೃಢಪಟ್ಟರೆ 2009ರ ಪ್ರಾಣಿ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಆ ಪ್ರಾಣಿಗೆ ದಯಾಮರಣ ನೀಡಲಾಗುತ್ತದೆ. 'ನಾನೇ ಕೊಂದದ್ದಲ್ಲ, ಸರ್ಕಾರ ಕೊಂದದ್ದು, ವಿಮೆ ಸಿಗುತ್ತಾ?' ಎಂಬುದು ಸಹಜ ಪ್ರಶ್ನೆ. ಜಾನುವಾರು ಪಾಲಿಸಿಗಳ ಸಾಮಾನ್ಯ ಒಕ್ಕಣೆಯಲ್ಲಿ ಉದ್ದೇಶಪೂರ್ವಕ ಹತ್ಯೆಗೆ ಪರಿಹಾರವಿಲ್ಲ, ಆದರೆ ಎರಡು ವಿನಾಯಿತಿ ಇವೆ: ಗುಣವಾಗದ ನರಳಾಟ ತಪ್ಪಿಸಲು ಪಶುವೈದ್ಯರ ಪ್ರಮಾಣಪತ್ರದ ಮೇಲೆ ಕೊಂದರೆ, ಅಥವಾ ಕಾನೂನುಬದ್ಧ ಅಧಿಕಾರಿಯ ಆದೇಶದಂತೆ ಕೊಂದರೆ. ನಿಮ್ಮ ಪಾಲಿಸಿಯಲ್ಲಿ ಈ ಎರಡನೇ ಸಾಲು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಬೇರೆ ಕಂಪನಿ ನೋಡಿ. ಸರ್ಕಾರದ ಪರಿಹಾರ ಪ್ರತ್ಯೇಕವಾಗಿ ಇರುತ್ತದೆ, ಆದರೆ ಅದು ಒಳ್ಳೆಯ ಕುದುರೆಯ ಬೆಲೆಗೆ ಸಮವಾಗುವುದು ಕಷ್ಟ.

ಪಾಲಿಸಿ ಶುರುವಾದ ಮೊದಲ ಕೆಲವು ದಿನಗಳಲ್ಲಿ, ಹಲವು ಪಾಲಿಸಿಗಳಲ್ಲಿ 15 ದಿನ, ತಗುಲಿದ ಕಾಯಿಲೆಗೆ ರಕ್ಷಣೆ ಇರುವುದಿಲ್ಲ. ಯಾತ್ರೆ ಶುರುವಾಗುವ ಹಿಂದಿನ ದಿನ ನೋಂದಣಿಗಾಗಿ ವಿಮೆ ಮಾಡಿಸುವವರು ಇದನ್ನು ಗಮನಿಸಬೇಕು. ಸಾರಂಗಖೇಡಾದಂಥ ಕುದುರೆ ಸಂತೆಯಲ್ಲಿ ಕೊಂಡು ಲಾರಿಯಲ್ಲಿ ಊರಿಗೆ ತರುವವರೂ ಅಷ್ಟೇ. ಮಾರಿದವನ ಹೆಸರಿನ ಪಾಲಿಸಿ ನಿಮ್ಮ ಹೆಸರಿಗೆ ತಾನಾಗಿ ಬದಲಾಗುವುದಿಲ್ಲ, ದಾರಿಯ ಅಪಘಾತಕ್ಕೆ ರಕ್ಷಣೆ ಇದೆಯೇ ಎಂಬುದನ್ನೂ ಬೇರೆಯಾಗಿ ಕೇಳಬೇಕು.

ಕ್ಲೇಮ್ ಅನುಪಾತ ಸಹಾಯಕ್ಕೆ ಬಾರದು

ವಿಮೆ ಆಯ್ಕೆಗೆ ಎಲ್ಲರೂ ಕೊಡುವ ಸಲಹೆ, ಕಂಪನಿಯ ಕ್ಲೇಮ್ ಅನುಪಾತ ನೋಡಿ ಎನ್ನುವುದು. ಕುದುರೆ ವಿಚಾರದಲ್ಲಿ ಅದು ಹೆಚ್ಚು ಕೆಲಸಕ್ಕೆ ಬಾರದು. ಆ ಅಂಕಿಯನ್ನು ನಿರ್ಧರಿಸುವುದು ವಾಹನ ಮತ್ತು ಆರೋಗ್ಯ ವಿಮೆ. ಲಕ್ಷಾಂತರ ಆಸ್ಪತ್ರೆ ಬಿಲ್‌ಗಳ ನಡುವೆ ನಾಲ್ಕು ಹೇಸರಗತ್ತೆಯ ಕ್ಲೇಮ್ ಕಾಣುವುದಿಲ್ಲ.

ಅದರ ಬದಲು ನಿಮ್ಮೂರಿನ ಸರ್ಕಾರಿ ಪಶುವೈದ್ಯರನ್ನು ಕೇಳಿ. ಆರೋಗ್ಯ ಪ್ರಮಾಣಪತ್ರ, ಬೆಲೆ ಅಂದಾಜು, ಮರಣೋತ್ತರ ವರದಿ ಮೂರಕ್ಕೂ ಬೇಕಾದವರು ಅವರೇ. ಯಾವ ಕಂಪನಿಯವರು ಕರೆದ ದಿನವೇ ಬರುತ್ತಾರೆ, ಯಾರು ಫೋಟೊ ಸಾಕು ಎನ್ನುತ್ತಾರೆ, ಯಾರು ಹೆಣ ಕೊಳೆಯುವವರೆಗೆ ಕಾಯಿಸುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹತ್ತಿರದ ಸಣ್ಣ ಶಾಖೆ ದೂರದ ದೊಡ್ಡ ಹೆಸರಿಗಿಂತ ಮೇಲು.

ಬೆಲೆ ಅಂದಾಜಿನಲ್ಲಿ ಆಸೆ ಬೇಡ. 60,000 ರೂ.ನ ಕುದುರೆಗೆ ಒಂದು ಲಕ್ಷಕ್ಕೆ ವಿಮೆ ಮಾಡಿಸಿದರೆ ಹೆಚ್ಚಿನ ಪ್ರೀಮಿಯಂ ಹೋಗುತ್ತದೆ ಅಷ್ಟೇ. ಸತ್ತಾಗ ವಿಮಾ ಮೊತ್ತ ಅಥವಾ ಕಾಯಿಲೆಗೆ ಮುಂಚಿನ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನೇ ಕೊಡುತ್ತಾರೆ.

ಕುದುರೆಯ ಮೇಲಿಂದ ಪ್ರವಾಸಿಗ ಬಿದ್ದು ಕಾಲು ಮುರಿದುಕೊಂಡರೆ ಈ ಪಾಲಿಸಿ ಏನೂ ಕೊಡದು. ಅದಕ್ಕೆ ಹೊಣೆಗಾರಿಕೆ ವಿಮೆ ಬೇರೆ ಮಾಡಿಸಬೇಕು. ಸವಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಪೋಷಕರೂ ಈ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು. ಇನ್ನು ಸರ್ಕಾರ ಸಂಚಾರ ನಿಷೇಧಿಸಿದ ದಿನಗಳ ದುಡಿಮೆ ನಷ್ಟ ಸಾವಿನ ಪಾಲಿಸಿಯ ವ್ಯಾಪ್ತಿಗೇ ಬರುವುದಿಲ್ಲ. ಯಾತ್ರೆ ನಡೆಯುವುದೇ ವರ್ಷದಲ್ಲಿ ಆರು ತಿಂಗಳು. ಫ್ಲೂ ಭೀತಿಯಲ್ಲಿ ಕುದುರೆ ಕಟ್ಟಿಹಾಕಿದವರ ನಿಜವಾದ ನಷ್ಟ ಅದೇ ಆಗಿತ್ತು.

ಕ್ಲೇಮ್ ತಿರಸ್ಕೃತವಾದರೆ

ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಸಾಮಾನ್ಯ ವಿಮೆಯ ಕ್ಲೇಮ್ ತಿರಸ್ಕರಿಸುವಂತಿಲ್ಲ. ಬೇಕಾದ ದಾಖಲೆಗಳನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು. ಕಂಪನಿಗೆ ಮೊದಲು ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲೆಡೆ ಕಚೇರಿಗಳಿವೆ, ಶುಲ್ಕವಿಲ್ಲ, ವಕೀಲರೂ ಬೇಡ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು.

ಕಂಪನಿ ಕೊಟ್ಟ ತಿರಸ್ಕಾರ ಪತ್ರವನ್ನು ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಒಂಬುಡ್ಸ್‌ಮನ್ ಬಳಿ ಹೋಗಲು ಒಂದು ವರ್ಷದ ಗಡುವು ಇದೆ, ಆ ಲೆಕ್ಕ ಶುರುವಾಗುವುದು ಆ ಪತ್ರದಿಂದಲೇ.