ಹೃದಯ ಕಾಯಿಲೆ ಇದ್ದವರಿಗೆ ಕಾಲು ಸೋಲುವುದೇಕೆ? ಮಲಗಿಯೇ ಇದ್ದರೆ ಸರಿಹೋಗುತ್ತದೆಯೇ?

"ಹಾರ್ಟ್ ವೀಕ್ ಇದೆ, ಜಾಸ್ತಿ ಓಡಾಡಬೇಡಿ." ಹೃದಯ ಕಾಯಿಲೆ ಇರುವವರು ಮನೆಯವರಿಂದಲೂ ವಾಟ್ಸ್‌ಆಪ್ ಸಂದೇಶಗಳಿಂದಲೂ ಈ ಮಾತು ಕೇಳುತ್ತಲೇ ಇರುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ, ಸ್ನಾನ ಮುಗಿಸಿದರೆ ಸುಸ್ತಾಗುತ್ತದೆ. ಹಾಗಿರುವಾಗ ವಿಶ್ರಾಂತಿಯೇ ಮದ್ದು ಅನಿಸುವುದು ಸಹಜ. ಆದರೆ ಇದು ಅರ್ಧಸತ್ಯ.

ಕಾರಣ ಹೃದಯವೊಂದೇ ಅಲ್ಲ

ನಡೆಯುವಾಗ ತೊಡೆ ಮತ್ತು ಮೀನಖಂಡದ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ದುರ್ಬಲ ಹೃದಯ ಅಷ್ಟು ರಕ್ತ ಕಳಿಸಲಾರದು, ಕಾಲು ಬೇಗ ದಣಿಯುತ್ತದೆ. ಇದರ ಜೊತೆಗೆ, ದೀರ್ಘ ಕಾಯಿಲೆಯಿಂದಲೂ ಬಳಕೆ ಕಡಿಮೆಯಾಗುವುದರಿಂದಲೂ ಸ್ನಾಯುಗಳೇ ಕರಗುತ್ತವೆ. ಎಕೋ ವರದಿಯಲ್ಲಿ ಒಂದೇ ಪಂಪಿಂಗ್ ಪ್ರಮಾಣ ಇರುವ ಇಬ್ಬರಲ್ಲಿ ಒಬ್ಬರು ಸಂತೆಗೆ ಹೋಗಿಬರಬಹುದು, ಇನ್ನೊಬ್ಬರಿಗೆ ಅಂಗಳ ದಾಟುವುದೂ ಕಷ್ಟವಾಗಬಹುದು. ಸುಸ್ತೆಂದು ಕೂತರೆ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಸುಸ್ತು ಇನ್ನೂ ಹೆಚ್ಚುತ್ತದೆ.

ನಡೆದರೆ ಅಪಾಯವೇ?

ಹಿಂದೆ ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್, ರೋಗಿಗಳನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದೇ ಒಳ್ಳೆಯದೆಂದು ವರದಿ ಮಾಡಿದರು. ಹೃದಯ ವೈಫಲ್ಯವಿದ್ದ 2,300ಕ್ಕೂ ಹೆಚ್ಚು ಜನರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಎಚ್‌ಎಫ್-ಆ್ಯಕ್ಷನ್ ಅಧ್ಯಯನದಲ್ಲಿ, ಕ್ರಮಬದ್ಧ ವ್ಯಾಯಾಮ ಸುರಕ್ಷಿತ ಎಂದು ಕಂಡುಬಂತು. ಜೀವನದ ಗುಣಮಟ್ಟವೂ ಸ್ವಲ್ಪ ಸುಧಾರಿಸಿತು.

ಆದ್ದರಿಂದ ವೈದ್ಯರ ಒಪ್ಪಿಗೆ ಪಡೆದು, ಸಮತಟ್ಟಾದ ಜಾಗದಲ್ಲಿ ಐದು ನಿಮಿಷದ ನಡಿಗೆಯಿಂದ ಶುರು ಮಾಡಿ. ನಡೆಯುತ್ತಾ ಮಾತಾಡಲು ಆಗುವಷ್ಟು ವೇಗ ಸಾಕು. ಗಟ್ಟಿ ಕುರ್ಚಿ ಹಿಡಿದು ಎದ್ದು ಕೂರುವುದೂ ಒಳ್ಳೆಯ ಅಭ್ಯಾಸ. ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಿ, ಮನೆಕೆಲಸವನ್ನು ಬಿಡಿಬಿಡಿಯಾಗಿ ಮಾಡಿ. ಎದೆನೋವು ಅಥವಾ ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ.

ಮಾತ್ರೆ ಬಿಟ್ಟರೆ ಸರಿಹೋಗುತ್ತದೆಯೇ?

ಬೀಟಾ ಬ್ಲಾಕರ್‌ನಿಂದ ಸುಸ್ತು, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಪೊಟ್ಯಾಸಿಯಂ ಕೊರತೆ, ಸ್ಟಾಟಿನ್‌ನಿಂದ ಸ್ನಾಯುನೋವು ಕೆಲವರಿಗೆ ಬರುವುದು ನಿಜ. ಆದರೆ ಅಡ್ಡಪರಿಣಾಮದ ಕಾರಣಕ್ಕೆ ಸ್ಟಾಟಿನ್ ಬಿಟ್ಟಿದ್ದ 60 ಜನರ ಮೇಲೆ ಬ್ರಿಟನ್‌ನಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟಾಟಿನ್ ನುಂಗಿದಾಗ ಆದ ತೊಂದರೆಯ ಸುಮಾರು ಶೇ. 90ರಷ್ಟು ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದಾಗಲೂ ಆಗಿತ್ತು. ನೋವು ಸುಳ್ಳಲ್ಲ, ಕಾರಣ ಬೇರೆ ಇರಬಹುದು. ರಕ್ತಹೀನತೆ, ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಸಮಸ್ಯೆಗಳನ್ನು ರಕ್ತಪರೀಕ್ಷೆ ತೋರಿಸುತ್ತದೆ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟುಹೋಗುತ್ತಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಮಾತ್ರೆ ಬದಲಿಸುವ ನಿರ್ಧಾರ ವೈದ್ಯರದ್ದೇ ಆಗಿರಲಿ.

ಯಾವಾಗ ತಡ ಮಾಡಬಾರದು?

• ಒಂದು ಬದಿಯ ಕೈಕಾಲು ಏಕಾಏಕಿ ಸೋತರೆ, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ.
• ವಿಶ್ರಾಂತಿಯಲ್ಲೂ ಎದೆನೋವು ಅಥವಾ ಉಸಿರಾಟದ ಕಷ್ಟವಿದ್ದರೂ ಹಾಗೆಯೇ ಮಾಡಿ.
• ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.
• ಮೂರು ದಿನದಲ್ಲಿ ತೂಕ ಎರಡು ಕೆಜಿಗಿಂತ ಹೆಚ್ಚಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು. ವೈದ್ಯರಿಗೆ ತಿಳಿಸಿ.

ಸಾರಾಂಶ: ಹೃದಯ ಕಾಯಿಲೆ ಇದ್ದವರು ಅಲುಗಾಡಲೇಬಾರದು ಎನ್ನುವುದು ತಪ್ಪು. ಕಾಯಿಲೆ ಹತೋಟಿಯಲ್ಲಿದ್ದರೆ, ವೈದ್ಯರ ಸಲಹೆಯಂತೆ ನಿಧಾನವಾಗಿ ನಡೆಯುವುದೂ ಚಿಕಿತ್ಸೆಯೇ.